ಎರವಲು ಬಯಲಿನಲ್ಲಿ ಆಟ

ಭತ್ತದ ಕೊಯ್ಲು ಮುಗಿದು ಹುಲ್ಲು ಅಟ್ಟ ಸೇರಿತೆಂದರೆ ನಮ್ಮ ಕರಾವಳಿಯ ಗದ್ದೆಗಳಲ್ಲಿ ಮಕ್ಕಳ ದರ್ಬಾರು ಶುರು. ಕಾಲಿಗೆ ಚುಚ್ಚುವ ಕೂಳೆಯನ್ನು ತುಳಿದು ತುಳಿದು ಸಮ ಮಾಡಿ, ಮೂರು ಕೋಲು ಹುಗಿದರೆ ಪಿಚ್ಚು ಸಿದ್ಧ. ಚೆಂಡು ಬದು ದಾಟಿದರೆ ನಾಲ್ಕು, ಪಕ್ಕದ ಮನೆಯ ಬೇಲಿ ದಾಟಿದರೆ ಔಟು. ಈ ಎರಡನೆಯ ನಿಯಮವನ್ನು ಯಾವ ಕ್ರಿಕೆಟ್ ಮಂಡಳಿಯೂ ಮಾಡಿದ್ದಲ್ಲ. ಚೆಂಡು ತರಲು ಹೋಗಿ ಬೈಸಿಕೊಂಡವರು ಮಾಡಿಕೊಂಡದ್ದು. ಭಟ್ಕಳ, ಹೊನ್ನಾವರ, ಕುಮಟಾ ಕಡೆಯಲ್ಲಿ ಐವತ್ತು ದಾಟಿದ ಯಾರನ್ನು ಕೇಳಿದರೂ ತಾವು ಆಡಿ ಬೆಳೆದ ಗದ್ದೆ ಯಾರ ಮನೆಯದು ಎಂದು ಥಟ್ಟನೆ ಹೇಳುತ್ತಾರೆ. ಈಗ ಆ ಗದ್ದೆ ಏನಾಗಿದೆ ಎಂದು ಕೇಳಿದರೆ ಉತ್ತರಕ್ಕೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಎಲ್ಲೋ ಮನೆ ಎದ್ದಿದೆ, ಎಲ್ಲೋ ಹೆದ್ದಾರಿ ಅಗಲೀಕರಣಕ್ಕೆ ಹೋಗಿದೆ, ಎಲ್ಲೋ ಮಣ್ಣು ತುಂಬಿ ಕಾಂಪೌಂಡು ಕಟ್ಟಿದೆ.

ಇದರಲ್ಲಿ ಗದ್ದೆಯ ಯಜಮಾನರ ತಪ್ಪೇನೂ ಇಲ್ಲ. ಅದು ಅವರ ಜಮೀನು. ಇಷ್ಟು ವರ್ಷ ಬಾಡಿಗೆ ಕೇಳದೆ, ಗದರಿಸಿಯಾದರೂ ಆಡಲು ಬಿಟ್ಟರಲ್ಲ, ಅದೇ ದೊಡ್ಡದು. ನಮ್ಮ ಈ ಮೂರು ಪೇಟೆಗಳು ತಮ್ಮ ಮಕ್ಕಳ ಆಟವನ್ನು ಬಹುಕಾಲ ಎರವಲು ಜಾಗದಲ್ಲೇ ನಡೆಸಿಕೊಂಡು ಬಂದವು: ಗದ್ದೆ ರೈತರದು, ತೇರಿನ ಬಯಲು ದೇವಸ್ಥಾನದ್ದು, ಮೈದಾನ ಶಾಲೆಯದು, ಮರಳು ದಂಡೆ ಸಮುದ್ರದ್ದು. ಯಕ್ಷಗಾನವನ್ನೂ ನಾವು ಬಯಲಾಟವೆಂದೇ ಕರೆದೆವು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಕಾಲಕ್ಕೆ ಆಟ ಆಡಲು ರಂಗಮಂದಿರ ಬೇಕೆಂದು ಯಾರೂ ಕೇಳಲಿಲ್ಲ. ಗದ್ದೆ ಇತ್ತು.

ಎರವಲು ಕೊಟ್ಟವರು ವಾಪಸು ಪಡೆಯುತ್ತಿರುವಾಗ ಒಂದು ಪ್ರಶ್ನೆ ಎದುರು ಬಂದು ನಿಲ್ಲುತ್ತದೆ. ಊರಿನದೇ ಆದ ಬಯಲು, ಊರಿನದೇ ಆದ ಉದ್ಯಾನ ಎಂಬುದು ಹೇಗೆ ಹುಟ್ಟುತ್ತದೆ? ಅದಕ್ಕೆ ಜಾಗ ಗುರುತಿಸುವವರು ಯಾರು, ದುಡ್ಡು ಕೊಡುವವರು ಯಾರು? ಪೌರನೀತಿ ಪುಸ್ತಕದಲ್ಲಿ ಪುರಸಭೆಯ ಕರ್ತವ್ಯಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳಿಗೂ, ಸಂಜೆ ಮಕ್ಕಳನ್ನು ಎಲ್ಲಿಗೆ ಕಳಿಸುವುದೆಂದು ತಿಳಿಯದ ಪಾಲಕರಿಗೂ ಇದು ಬೇಕಾದ ವಿಷಯ.

ಮಾಡಬೇಕಾದದ್ದು, ಮಾಡಬಹುದಾದದ್ದು

1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿ ಎರಡು ಪಟ್ಟಿಗಳಿವೆ. 87ನೇ ಕಲಮಿನಲ್ಲಿರುವುದು ಕಡ್ಡಾಯ ಕರ್ತವ್ಯಗಳು: ಬೀದಿ ದೀಪ, ಚರಂಡಿ, ಕಸ ವಿಲೇವಾರಿ ಮುಂತಾದವು. 91ನೇ ಕಲಮಿನಲ್ಲಿರುವುದು ವಿವೇಚನೆಗೆ ಬಿಟ್ಟ ಕರ್ತವ್ಯಗಳು. ಸಾರ್ವಜನಿಕ ಉದ್ಯಾನ, ತೋಟ, ವಾಚನಾಲಯ, ವಸ್ತುಸಂಗ್ರಹಾಲಯಗಳೆಲ್ಲ ಈ ಎರಡನೆಯ ಪಟ್ಟಿಯಲ್ಲಿವೆ. ಪುರಸಭೆಗೂ ಪಟ್ಟಣ ಪಂಚಾಯಿತಿಗೂ ಇದೇ ಕಾಯ್ದೆ. ಚರಂಡಿ ತುಂಬಿ ಹರಿದರೆ ಸದಸ್ಯರ ಮನೆ ಬಾಗಿಲಿಗೆ ಜನ ಹೋಗಿ ನಿಲ್ಲುತ್ತಾರೆ, ಅದಕ್ಕೆ ಕಾಯ್ದೆಯ ಬಲವೂ ಇದೆ. ಉದ್ಯಾನವಿಲ್ಲವೆಂದು ಯಾರೂ ಹೋಗಿ ನಿಲ್ಲುವುದಿಲ್ಲ. ಹೋದರೂ, ಮುಂದಿನ ವರ್ಷ ನೋಡೋಣ ಎಂದರೆ ಕಾಯ್ದೆ ಅಡ್ಡ ಬರುವುದಿಲ್ಲ.

1992ರ ಸಂವಿಧಾನದ 74ನೇ ತಿದ್ದುಪಡಿ ಇದಕ್ಕೆ ಕೊಂಚ ತೂಕ ತಂದುಕೊಟ್ಟಿತು. 1993ರ ಜೂನ್ 1ರಿಂದ ಜಾರಿಗೆ ಬಂದ ಈ ತಿದ್ದುಪಡಿ ಹನ್ನೆರಡನೆಯ ಅನುಸೂಚಿಯಲ್ಲಿ ನಗರಗಳ ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿತು. ಉದ್ಯಾನ, ತೋಟ, ಆಟದ ಮೈದಾನಗಳಂಥ ಸೌಕರ್ಯ ಒದಗಿಸುವುದು ಅದರಲ್ಲಿ 12ನೆಯದು. ಆದರೆ ಇಲ್ಲಿಯೂ ಒಪ್ಪಿಸಬಹುದು ಎಂದಿದೆಯೇ ಹೊರತು ಒಪ್ಪಿಸಲೇಬೇಕು ಎಂದಿಲ್ಲ. ಪರೀಕ್ಷೆಗೆ ಓದುವ ಮಕ್ಕಳು ಈ ಒಂದು ಕ್ರಿಯಾಪದವನ್ನು ಅಡಿಗೆರೆ ಎಳೆದು ಓದಿಕೊಳ್ಳುವುದು ಒಳ್ಳೆಯದು. ಸರಕಾರದ ಕಾಗದಗಳಲ್ಲಿ ಅರ್ಧ ಜಗಳ ಇಂಥ ಕ್ರಿಯಾಪದಗಳಲ್ಲೇ ಅಡಗಿರುತ್ತದೆ.

ಒಂದು ಲೆಕ್ಕ

ಎಷ್ಟು ಬಯಲು ಬೇಕು? ನಗರ ಯೋಜನೆಗೆಂದು ಕೇಂದ್ರ ಸರಕಾರ ಸಿದ್ಧಪಡಿಸಿದ 2014ರ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಲಿ ಎನ್ನುತ್ತದೆ. ಮೂವತ್ತು ಸಾವಿರ ಜನರ ಒಂದು ಪೇಟೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಕಡಿಮೆಯ ಅಂಕಿಯನ್ನೇ ಹಿಡಿದರೂ ಮೂರು ಲಕ್ಷ ಚದರ ಮೀಟರ್ ಬೇಕು. ಅಂದರೆ 30 ಹೆಕ್ಟೇರ್, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸುಮಾರು 74 ಎಕರೆ. ನಡುವಿನಿಂದ ಗೆರೆಗೆ 70 ಮೀಟರ್ ಇರುವ ಕ್ರಿಕೆಟ್ ಮೈದಾನವೊಂದಕ್ಕೆ ಸುಮಾರು 15,400 ಚದರ ಮೀಟರ್ ಹಿಡಿಯುತ್ತದೆ. ಅಂಥ ಹತ್ತೊಂಬತ್ತು ಮೈದಾನಗಳಷ್ಟು ಜಾಗ! ಕುಮಟಾದ ಮಣಕಿ ಮೈದಾನವನ್ನು ನೋಡಿ, ಊರಿಗೆ ಇಷ್ಟು ದೊಡ್ಡದೊಂದು ಇದೆಯಲ್ಲ ಎಂದು ಸಮಾಧಾನಪಡುವವರು ಈ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಬಹುದು. ಪಂದ್ಯಾವಳಿಗೂ ಅದೇ, ರಾಜಕೀಯ ಸಭೆಗೂ ಅದೇ. ಸಭೆಯ ಮರುದಿನ ಗೂಟ ಕಿತ್ತ ಗುಂಡಿಗಳ ನಡುವೆ ಓಡುವವರು ಮಕ್ಕಳು.

74 ಎಕರೆ ನಮ್ಮಲ್ಲಿ ಎಲ್ಲಿಂದ ಬರಬೇಕು? ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಬೆಟ್ಟ. ಉತ್ತರ ಕನ್ನಡ ಜಿಲ್ಲೆಯ ನೂರಕ್ಕೆ ಸುಮಾರು ಎಂಬತ್ತರಷ್ಟು ಭೂಮಿ ಅರಣ್ಯ; 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಿಂದಾಗಿ ಅದನ್ನು ಮುಟ್ಟಬೇಕಾದರೆ ದಿಲ್ಲಿಯವರೆಗೆ ಕಡತ ಹೋಗಬೇಕು. ಹೋಗಬೇಕಾದದ್ದೇ ಸರಿ ಎನ್ನಿ. ಉಳಿದ ಕಿರಿದಾದ ಪಟ್ಟಿಯಲ್ಲಿ ಹಳೆಯ 17ನೇ ನಂಬರಿನ, ಈಗ 66 ಎನಿಸಿಕೊಂಡ ರಾಷ್ಟ್ರೀಯ ಹೆದ್ದಾರಿ, 1998ರಲ್ಲಿ ಪೂರ್ತಿಯಾಗಿ ಸಂಚಾರ ಆರಂಭಿಸಿದ ಕೊಂಕಣ ರೈಲು, ಹೊಳೆ, ತೋಟ, ಮನೆ, ಪೇಟೆ ಎಲ್ಲವೂ ಒತ್ತರಿಸಿಕೊಂಡು ಕುಳಿತಿವೆ.

ಬಿನ್‌ಶೇತ್ಕಿಯ ಕತೆ

ಬೆಂಗಳೂರಿನಂಥ ಕಡೆ ಉದ್ಯಾನಕ್ಕೆ ಜಾಗ ಸಿಗುವ ಸುಲಭದ ದಾರಿ ಬಡಾವಣೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯ ಪ್ರಕಾರ ಪ್ರಾಧಿಕಾರದ ಯೋಜನೆಯಲ್ಲಿ ಬಡಾವಣೆಯ ಶೇಕಡ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗ ಉದ್ಯಾನ ಮತ್ತು ಮೈದಾನಕ್ಕೆ, ಅದಲ್ಲದೆ ಶೇಕಡ 10 ನಾಗರಿಕ ಸೌಲಭ್ಯಗಳಿಗೆ ಮೀಸಲಾಗಬೇಕು. ಬೇರೆ ಊರುಗಳಲ್ಲಿ ಖಾಸಗಿಯವರು ಬಡಾವಣೆ ಮಾಡಿದರೂ ಅನುಮೋದನೆ ಸಿಗಬೇಕಾದರೆ ಇಂತಿಷ್ಟು ಜಾಗವನ್ನು ಉದ್ಯಾನಕ್ಕೆಂದು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಊರಿಗೆ ಒಂದು ಪೈಸೆ ಖರ್ಚಿಲ್ಲದೆ ಜಾಗ ಬಂತು.

ನಮ್ಮ ಕರಾವಳಿಯಲ್ಲಿ ಊರು ಬೆಳೆಯುವ ರೀತಿಯೇ ಬೇರೆ. ಇಲ್ಲಿ ಒಮ್ಮೆಗೇ ಇಪ್ಪತ್ತು ಎಕರೆ ಕೊಂಡು ಬಡಾವಣೆ ಮಾಡುವವರು ಕಡಿಮೆ. ಹಿಸ್ಸೆಯಾದ ಐದು ಗುಂಟೆ, ಹತ್ತು ಗುಂಟೆಯನ್ನು ಒಬ್ಬೊಬ್ಬರೇ ಬಿನ್‌ಶೇತ್ಕಿ ಮಾಡಿಸಿ ಮನೆ ಕಟ್ಟುತ್ತಾರೆ. ಇವತ್ತು ಅಣ್ಣ, ನಾಲ್ಕು ವರ್ಷದ ಮೇಲೆ ತಮ್ಮ, ಆಮೇಲೆ ಗಲ್ಫಿನಿಂದ ಬಂದ ಭಾವ. ಪ್ರತಿಯೊಂದೂ ಬಿಡಿ ಅರ್ಜಿ, ಬಿಡಿ ನಕ್ಷೆ. ಇಪ್ಪತ್ತು ವರ್ಷದಲ್ಲಿ ಅಲ್ಲೊಂದು ಬಡಾವಣೆಯೇ ಎದ್ದಿರುತ್ತದೆ, ಆದರೆ ಕಾಗದದಲ್ಲಿ ಬಡಾವಣೆ ಎಂಬುದೇ ಇರುವುದಿಲ್ಲ. ಹಾಗಾಗಿ ಉದ್ಯಾನವೂ ಇಲ್ಲ; ಆಂಬುಲೆನ್ಸ್ ತಿರುಗುವಷ್ಟು ರಸ್ತೆಯೂ ಇಲ್ಲ. ಯಾರೂ ಕಾನೂನು ಮುರಿಯಲಿಲ್ಲ. ಎಲ್ಲರೂ ಸೇರಿ ಬಯಲನ್ನು ಮುಗಿಸಿದರು, ಅಷ್ಟೆ.

ಇದನ್ನು ತಡೆಯಲು ಇರುವ ಉಪಾಯ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಮಹಾಯೋಜನೆ, ಜನರ ಬಾಯಲ್ಲಿ ಮಾಸ್ಟರ್ ಪ್ಲಾನ್. ಮುಂದೆ ಊರು ಎತ್ತ ಬೆಳೆಯಬೇಕು, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಉದ್ಯಾನ ಎಂದು ನಕ್ಷೆಯಲ್ಲಿ ಬಣ್ಣ ಬಳಿದು ಮೊದಲೇ ತೋರಿಸುವುದು. ಉದ್ಯಾನ, ಮೈದಾನಗಳಿಗೆ ಅದರಲ್ಲಿ ಹಸಿರು ಬಣ್ಣ. ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಿದ ಮೇಲೆಯೇ ಅದು ಅಂತಿಮವಾಗಬೇಕು. ಆದರೆ ಹಸಿರು ಬಳಿದ ಮಾತ್ರಕ್ಕೆ ಜಾಗ ಊರಿನದಾಗದು. ಅದೇ ಕಾಯ್ದೆಯ 69ನೇ ಕಲಮಿನ ಪ್ರಕಾರ ಐದು ವರ್ಷದೊಳಗೆ ಆ ಜಾಗವನ್ನು ಕೊಳ್ಳದಿದ್ದರೆ, ಅಥವಾ ಭೂಸ್ವಾಧೀನಕ್ಕೆ ಕೈ ಹಾಕದಿದ್ದರೆ, ಮೀಸಲಾತಿ ತಾನಾಗಿಯೇ ಬಿದ್ದುಹೋಗುತ್ತದೆ. ಕೊಳ್ಳುವುದೆಂದರೆ 2013ರ ಭೂಸ್ವಾಧೀನ ಕಾಯ್ದೆಯಂತೆ ಪೇಟೆಯಲ್ಲಿ ಮಾರುಕಟ್ಟೆ ಬೆಲೆ ಮತ್ತು ಅಷ್ಟೇ ಮೊತ್ತದ ಪರಿಹಾರ ಧನ, ಅಂದರೆ ದುಪ್ಪಟ್ಟು. ಹೆದ್ದಾರಿ ಬದಿಯ ಗುಂಟೆಯ ಬೆಲೆ ಗೊತ್ತಿರುವವರಿಗೆ ಪುರಸಭೆ ಯಾಕೆ ಹಿಂದೆ ಸರಿಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥದೇ ಸಂಕಟವನ್ನು ಬಹಳ ಹಿಂದೆ ಇನ್ನೊಂದು ಬಂದರು ಊರು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿತು. ಇಂಗ್ಲೆಂಡಿನ ಲಿವರ್‌ಪೂಲಿನ ಎದುರು ದಂಡೆಯ ಬರ್ಕನ್‌ಹೆಡ್ ಅದು. ಅಲ್ಲಿಯ ಆಡಳಿತ ಊರಂಚಿನ 226 ಎಕರೆ ಅಗ್ಗದ ಜೌಗು ನೆಲವನ್ನು ಮೊದಲೇ ಕೊಂಡಿತು. 125 ಎಕರೆಯನ್ನು ಉದ್ಯಾನಕ್ಕೆ ಇಟ್ಟುಕೊಂಡು, ಸುತ್ತಲಿನ ಜಾಗವನ್ನು ಮನೆ ನಿವೇಶನಗಳಾಗಿ ಮಾರಿತು. ಎದುರಿಗೆ ಉದ್ಯಾನ ಬರುತ್ತದೆಂದು ನಿವೇಶನಗಳಿಗೆ ಒಳ್ಳೆಯ ಬೆಲೆ ಬಂತು, ಉದ್ಯಾನದ ಖರ್ಚು ಅದರಲ್ಲೇ ಹುಟ್ಟಿತು. ಜೋಸೆಫ್ ಪ್ಯಾಕ್ಸ್‌ಟನ್ ರೂಪಿಸಿದ ಈ ಉದ್ಯಾನ 1847ರಲ್ಲಿ ತೆರೆಯಿತು. ಕೆಲ ವರ್ಷಗಳ ನಂತರ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದ ಓಲ್ಮ್‌ಸ್ಟೆಡ್ 1850ರಲ್ಲಿ ಇಲ್ಲಿಗೆ ಬಂದು ಬೆರಗಾಗಿ ಹೋದವನು. ಮನೆಗಳು ಬರುವ ಮುಂಚೆ ನೆಲ ಕೊಂಡದ್ದೇ ಬರ್ಕನ್‌ಹೆಡ್‌ನ ಜಾಣತನ.

ಕಾಗದದಲ್ಲಿ ಉಳಿದದ್ದು ನೆಲದಲ್ಲೂ ಉಳಿಯಬೇಕಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಆಸ್ಪತ್ರೆ ಕಟ್ಟಲೆಂದು ಖಾಸಗಿ ಟ್ರಸ್ಟೊಂದಕ್ಕೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವುದು ಇದನ್ನೇ. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿ ನಿಂತಿತು. ಆಸ್ಪತ್ರೆ ಒಳ್ಳೆಯದೇ ಆದರೂ ಊರಿನ ಉದ್ಯಾನವನ್ನು ಖಾಸಗಿ ಆಸ್ಪತ್ರೆಗೆ ಕೊಡಲಾಗದು, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ ಎಂಬುದು ತೀರ್ಪಿನ ಸಾರ. ಕರ್ನಾಟಕದಲ್ಲಿ 1985ರಿಂದ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳನ್ನು ಕಾಪಾಡಲೆಂದೇ ಒಂದು ಪ್ರತ್ಯೇಕ ಕಾಯ್ದೆ ಇದೆ. ಅದರಂತೆ ಪ್ರತಿ ಊರಿನಲ್ಲಿರುವ ಇಂಥ ಜಾಗಗಳ ಪಟ್ಟಿ ತಯಾರಾಗಬೇಕು. ಪಟ್ಟಿಯಲ್ಲಿ ಸೇರಿದ ಜಾಗವನ್ನು ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಪಟ್ಟಿಯಲ್ಲಿ ಇಲ್ಲದ ಮೈದಾನವನ್ನು ಕಾಪಾಡುವುದು ಮಾತ್ರ ಕಷ್ಟ.

ಗ್ರಂಥಾಲಯಕ್ಕೆ ಕರ, ಉದ್ಯಾನಕ್ಕೆ?

ಈಗ ದುಡ್ಡಿನ ವಿಷಯ. ಮನೆಯ ಆಸ್ತಿ ತೆರಿಗೆಯ ರಸೀದಿಯನ್ನು ತೆಗೆದು ನೋಡಿ. ತೆರಿಗೆಯ ಮೇಲೆ ಶೇಕಡ 15 ಆರೋಗ್ಯ ಕರ, ಶೇಕಡ 6 ಗ್ರಂಥಾಲಯ ಕರ, ಶೇಕಡ 3 ಭಿಕ್ಷುಕರ ಕರ ಇರುತ್ತದೆ. ತೆರಿಗೆ ಸಾವಿರ ರೂಪಾಯಿಯಾದರೆ ಗ್ರಂಥಾಲಯಕ್ಕೆ ಅರವತ್ತು ರೂಪಾಯಿ ಹೋಯಿತೆಂದು ಲೆಕ್ಕ. ಉದ್ಯಾನದ ಹೆಸರಿನಲ್ಲಿ ಈ ಸಾಲಿನಲ್ಲಿ ಏನೂ ಇಲ್ಲ. ಅದಕ್ಕೆ ಹಣ ಬರುವುದಾದರೆ ಉಳಿದ ಮೂಲ ತೆರಿಗೆಯಿಂದ, ಮಳಿಗೆಗಳ ಬಾಡಿಗೆಯಿಂದ, ಪರವಾನಗಿ ಶುಲ್ಕದಿಂದ ಬರಬೇಕು. ಸಣ್ಣ ಊರುಗಳಲ್ಲಿ ಆ ಹಣ ನೀರಿನ ಪಂಪು, ಪೌರಕಾರ್ಮಿಕರು, ದೀಪ ಎನ್ನುವಷ್ಟರಲ್ಲಿ ಮುಗಿದಿರುತ್ತದೆ.

ಹಾಗಾದರೆ ಮೇಲಿನಿಂದ ಬರುವ ಹಣ? ರಾಜ್ಯ ಹಣಕಾಸು ಆಯೋಗದ ಅನುದಾನವಿದೆ, ನಗರೋತ್ಥಾನ ಯೋಜನೆಯಿದೆ. ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಇಂಥ ಊರುಗಳಿಗೆ ಶಿಫಾರಸು ಮಾಡಿದ ಕೇಂದ್ರ ಅನುದಾನದಲ್ಲಿ ಶೇಕಡ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಉಳಿದ ನಲವತ್ತರಲ್ಲಿ ಉದ್ಯಾನವೂ ಪಾಲು ಕೇಳಬಹುದು, ರಸ್ತೆಯ ಪಕ್ಕದಲ್ಲಿ ಕೈಕಟ್ಟಿ ನಿಂತು. ಕೇಂದ್ರದ ಅಮೃತ್ ಯೋಜನೆ 2015ರಲ್ಲಿ ಬಂದಾಗ ಹಸಿರು ತಾಣ, ಉದ್ಯಾನಗಳಿಗೆ ಗರಿಷ್ಠ ಶೇಕಡ ಎರಡೂವರೆ ಎಂದು ಬೇರೆಯಾಗಿಯೇ ಇಟ್ಟಿತ್ತು. ಆದರೆ ಅದು ಮುಖ್ಯವಾಗಿ ಲಕ್ಷ ಜನಸಂಖ್ಯೆಯ ಮೇಲಿನ ಐನೂರು ನಗರಗಳಿಗೆ; ನಮ್ಮ ಮೂರು ಪೇಟೆಗಳು ಆ ಗೆರೆಯ ಬಹಳ ಕೆಳಗೆ. 2021ರಲ್ಲಿ ಶುರುವಾದ ಎರಡನೆಯ ಹಂತ ಮಾತ್ರ ಸಣ್ಣ ಊರುಗಳಿಗೂ ಬಾಗಿಲು ತೆರೆಯಿತು.

ಇನ್ನು ಸಂಸದರ, ಶಾಸಕರ ಕ್ಷೇತ್ರಾಭಿವೃದ್ಧಿ ನಿಧಿ. ಬೆಂಚು, ಜಾರುಬಂಡೆ, ಓಪನ್ ಜಿಮ್ಮುಗಳ ಮೇಲೆ ಹೆಸರಿನ ಫಲಕ ಕಾಣುವುದು ಹೆಚ್ಚಾಗಿ ಇಂಥ ಹಣದ್ದು. ಕಟ್ಟುವ ದುಡ್ಡು ಹೀಗೆ ಒಮ್ಮೆ ಬರುತ್ತದೆ, ಉದ್ಘಾಟನೆಯಾಗುತ್ತದೆ. ಕಾಯುವ ದುಡ್ಡು ಪ್ರತಿ ತಿಂಗಳೂ ಬೇಕು: ಹುಲ್ಲು ಕೊಯ್ಯುವವರು, ಗೇಟು ತೆರೆಯುವವರು, ಶೌಚಾಲಯ ತೊಳೆಯುವವರು. ಅದನ್ನು ಯಾವ ನಿಧಿಯೂ ಕೊಡುವುದಿಲ್ಲ. ಉಪ್ಪುಗಾಳಿ ಮತ್ತು ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮಲ್ಲಿ ಕಬ್ಬಿಣದ ಉಯ್ಯಾಲೆಯ ಸರಪಳಿ ನಾಲ್ಕು ಮಳೆಗಾಲ ಕಂಡರೆ ಪುಣ್ಯ. ಬಯಲುಸೀಮೆಯ ಅಂದಾಜು ಪತ್ರಿಕೆಯನ್ನೇ ಇಲ್ಲಿಗೂ ತಂದು ಉಯ್ಯಾಲೆ ನಿಲ್ಲಿಸಿದರೆ ಐದನೆಯ ವರ್ಷ ಅಲ್ಲಿ ಎರಡು ಕಂಬ ಮಾತ್ರ ಉಳಿದಿರುತ್ತವೆ.

ಸಮುದ್ರ ಇದೆಯಲ್ಲ

ಪಕ್ಕದಲ್ಲೇ ಸಮುದ್ರ ಇರುವಾಗ ಉದ್ಯಾನ ಯಾಕೆ ಎನ್ನುವವರು ಬಹಳ ಜನ. ಭಟ್ಕಳದವರಿಗೆ ಜಾಲಿ ದಂಡೆ, ಕುಮಟಾದವರಿಗೆ ವನ್ನಳ್ಳಿ, ಹೆಡ್ ಬಂದರು, ಹೊನ್ನಾವರದವರಿಗೆ ಶರಾವತಿ ಸೇತುವೆಯಾಚೆ ಕಾಸರಕೋಡು. ಮಾತಿನಲ್ಲಿ ಸತ್ಯವಿದೆ. ಕಾಸರಕೋಡಿನ ಗಾಳಿಮರದ ತೋಪು ಮತ್ತು ಮರಳು ದಂಡೆಗೆ 2020ರ ಅಕ್ಟೋಬರಿನಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಆ ಸಲ ದೇಶದಲ್ಲಿ ಆಯ್ಕೆಯಾದ ಎಂಟು ಕಡಲತೀರಗಳಲ್ಲಿ ಕರ್ನಾಟಕದವು ಎರಡು, ಇನ್ನೊಂದು ಪಡುಬಿದ್ರಿ. ನೀರಿನ ಶುದ್ಧತೆ, ಶೌಚಾಲಯ, ಅಂಗವಿಕಲರಿಗೆ ದಾರಿ, ಜೀವರಕ್ಷಕರು ಹೀಗೆ 33 ಮಾನದಂಡಗಳು. ಒಮ್ಮೆ ಪಾಸಾದರೆ ಸಾಲದು, ವರ್ಷವರ್ಷವೂ ಪರೀಕ್ಷೆ. ಅದರ ಖರ್ಚಿಗೆ ದಾರಿ ಮಾಡಿದ್ದು ಕೇಂದ್ರ ಪರಿಸರ ಸಚಿವಾಲಯದ ಸಮಗ್ರ ಕರಾವಳಿ ನಿರ್ವಹಣೆಯ ಯೋಜನೆ. ಅಲ್ಲೇ ಶರಾವತಿಯ ಹಿನ್ನೀರಿನಲ್ಲಿ ಅರಣ್ಯ ಇಲಾಖೆ ಕಾಂಡ್ಲಾ ಕಾಡಿನ ನಡುವೆ ನಡಿಗೆಹಾದಿ ಮಾಡಿದೆ. ಎರಡೂ ಚೆನ್ನಾಗಿವೆ. ಎರಡೂ ಪ್ರವಾಸಿಗರನ್ನು ಕಣ್ಣಲ್ಲಿಟ್ಟುಕೊಂಡು ಆದವು ಎಂಬುದನ್ನೂ ಹೇಳಬೇಕು. ಪೇಟೆಯ ಏಳನೇ ಕ್ಲಾಸಿನ ಹುಡುಗಿ ಶಾಲೆ ಬಿಟ್ಟು ಬಂದು, ಚಹಾ ಕುಡಿದು, ಸೇತುವೆ ದಾಟಿ ಅಲ್ಲಿಗೆ ಹೋಗಿ ಆಡಿ ಕತ್ತಲಾಗುವ ಮುಂಚೆ ಬರುವುದು ಆಗದ ಮಾತು.

ಅಲ್ಲದೆ ದಂಡೆ ಬರೀ ವಿಹಾರಕ್ಕೆ ಇರುವುದೂ ಅಲ್ಲ. ಅದು ಮೀನು ಒಣಗಿಸುವ, ಬಲೆ ಹರಡುವ, ದೋಣಿ ಎಳೆದಿಡುವ ಅಂಗಳ. ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದು ಈ ಅಂಗಳಕ್ಕಾಗಿಯೇ. ಅಲ್ಲಿ ಬೆಂಚು ಹಾಕುವ ಮೊದಲು ಅವರನ್ನು ಕೇಳಬೇಕಾಗುತ್ತದೆ.

ಸಮುದ್ರಕ್ಕೆ ಇನ್ನೊಂದು ಮುಖವೂ ಇದೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಮಳೆಗಾಲದ ನಾಲ್ಕು ತಿಂಗಳು ದಂಡೆಗೆ ಮಕ್ಕಳನ್ನು ಕಳಿಸುವಂತೆಯೇ ಇಲ್ಲ. ಜೀವರಕ್ಷಕನ ಸಂಬಳ ವಿಹಾರದ ಖರ್ಚೇ ಎಂಬುದು ನಮ್ಮ ಆಯವ್ಯಯ ಪತ್ರಗಳಿಗೆ ಇನ್ನೂ ಪೂರ್ತಿಯಾಗಿ ಹೊಳೆದಂತಿಲ್ಲ.

ಆದರೆ ಕರಾವಳಿಗೆ ಇರುವ ಒಂದು ಅನುಕೂಲವನ್ನು ನಾವು ಬಳಸಿಕೊಂಡಿಲ್ಲ ಎನಿಸುತ್ತದೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೂರನೆಯ ವಲಯದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಬೇಡವೆಂದಿತು. ಆ ಪಟ್ಟಿಯಲ್ಲಿ ಮಾಡಬಹುದಾದ ಕೆಲಸಗಳೆಂದು ಅದು ಹೆಸರಿಸಿದವುಗಳಲ್ಲಿ ಕೃಷಿ, ತೋಟ, ಉಪ್ಪಿನಾಗರಗಳ ಜೊತೆಗೆ ಉದ್ಯಾನ ಮತ್ತು ಆಟದ ಬಯಲು ಕೂಡ ಇದ್ದವು. ಅಧಿಸೂಚನೆ 2011ರಲ್ಲಿ, ಮತ್ತೆ 2019ರಲ್ಲಿ ಬದಲಾಯಿತು, ದಟ್ಟ ಜನವಸತಿಯ ಕಡೆ ಗೆರೆ 50 ಮೀಟರಿಗೆ ಇಳಿಯಿತು. ಕಟ್ಟಡ ಕಟ್ಟಲಾಗದ ನೆಲ ನಿಷ್ಪ್ರಯೋಜಕ ಎಂದು ಗೊಣಗುವ ಬದಲು, ಅಲ್ಲಿಯ ಕೆಲವು ತುಂಡುಗಳನ್ನು ಮಕ್ಕಳಿಗೆ ಬಿಡಬಹುದಿತ್ತು. ತಗ್ಗಿನ ಗದ್ದೆಗಳ ವಿಷಯವೂ ಹೀಗೆಯೇ. 2022ರ ಆಗಸ್ಟ್ ಮೊದಲ ವಾರ ಭಟ್ಕಳ ಪೇಟೆ ಒಂದು ರಾತ್ರಿಯ ಮಳೆಗೆ ಮುಳುಗಿದ್ದನ್ನು ನೋಡಿದವರಿಗೆ, ಮಳೆ ನೀರು ನಿಲ್ಲಲು ಊರಿಗೆ ಒಂದಿಷ್ಟು ಬಯಲು ಬೇಕೆಂದು ಹೇಳಿಕೊಡಬೇಕಾಗಿಲ್ಲ. ಬೇಸಗೆಯಲ್ಲಿ ಆಟ, ಮಳೆಗಾಲದಲ್ಲಿ ನೀರು. ಗದ್ದೆ ಇಷ್ಟು ದಿನ ಮಾಡಿದ್ದೂ ಅದನ್ನೇ.

ಗದ್ದೆಯ ಕ್ರಿಕೆಟ್ಟನ್ನು ಹೊಗಳುವಾಗ ಒಂದು ಮಾತು ಮರೆಯುತ್ತೇವೆ. ಅದು ಹುಡುಗರ ಆಟ. ಹುಡುಗಿಯರಿಗೆ ಅಂಗಳದ ಕುಂಟೆಬಿಲ್ಲೆ ಬಿಟ್ಟರೆ ಎರವಲು ಬಯಲು ಕೂಡ ಇರಲಿಲ್ಲ. ಅವರಿಗೆ ಬೇಕಾದದ್ದು ಮನೆಗೆ ಹತ್ತಿರದ, ಬೆಳಕಿರುವ, ಶೌಚಾಲಯವಿರುವ ಜಾಗ. ಅಜ್ಜ ಅಜ್ಜಿಯರಿಗೂ ಅಂಥದೇ ಬೇಕು. 74 ಎಕರೆ ಸಿಗದಿದ್ದರೆ ವಾರ್ಡಿಗೊಂದು ಹತ್ತು ಗುಂಟೆಯಿಂದ ಶುರು ಮಾಡಬಹುದು.

ಶಾಲಾ ಮೈದಾನಗಳೂ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುತ್ತದೆ. ನಾನು ಓದಿದ ಶಾಲೆಯ ಮೈದಾನದ ಒಂದು ಮೂಲೆಯಲ್ಲಿ ಮೊದಲು ಸೈಕಲ್ ಶೆಡ್ಡು ಬಂತು, ಆಮೇಲೆ ಹೊಸ ಕಟ್ಟಡ. ಉಳಿದರ್ಧಕ್ಕೆ ಐದು ಗಂಟೆಗೆ ಬೀಗ ಬೀಳುತ್ತಿತ್ತು. ಬೀಗ ಹಾಕುವುದಕ್ಕೂ ಕಾರಣವಿದೆ: ಗಾಜು ಒಡೆದರೆ ಕೇಳುವವರು ಯಾರು, ಕಾವಲಿನವನಿಗೆ ಸಂಜೆಯ ಸಂಬಳ ಕೊಡುವವರು ಯಾರು? ಸ್ಥಳೀಯ ಸಂಸ್ಥೆ ಆ ಎರಡು ಗಂಟೆಯ ಸಂಬಳ ವಹಿಸಿಕೊಂಡರೆ ಊರಿಗೆ ಹೊಸದಾಗಿ ಒಂದು ಗುಂಟೆ ನೆಲವನ್ನೂ ಕೊಳ್ಳದೆ ಮೈದಾನ ಸಿಕ್ಕಂತಾಯಿತು. ನನಗೆ ತೋಚುವ ಮಟ್ಟಿಗೆ ಈ ಊರುಗಳಲ್ಲಿ ಮೊದಲು ಆಗಬೇಕಾದ ಕೆಲಸ ಇದು.

ವಿದ್ಯಾರ್ಥಿಗಳು ರಜೆಯ ದಿನ ಟೇಪು ಹಿಡಿದು ತಮ್ಮ ವಾರ್ಡಿನಲ್ಲಿ ಯಾರು ಬೇಕಾದರೂ ಹೋಗಿ ಆಡಬಹುದಾದ ಜಾಗ ಎಷ್ಟಿದೆ ಎಂದು ಅಳೆದು, ವಾರ್ಡಿನ ಜನಸಂಖ್ಯೆಯಿಂದ ಭಾಗಿಸಿ ನೋಡಬಹುದು. 1985ರ ಕಾಯ್ದೆಯ ಪಟ್ಟಿಯಲ್ಲಿ ತಮ್ಮ ಊರಿನ ಯಾವ ಯಾವ ಸರ್ವೆ ನಂಬರುಗಳಿವೆ ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಪಾಲಕರು ಕೇಳಬಹುದು. ಅರ್ಜಿಯ ಶುಲ್ಕ ಹತ್ತು ರೂಪಾಯಿ. ಆಯವ್ಯಯ ಮಂಡಿಸುವ ಮುನ್ನ ಚಳಿಗಾಲದಲ್ಲಿ ಪುರಸಭೆ, ಪಟ್ಟಣ ಪಂಚಾಯಿತಿಗಳು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುವ ಪದ್ಧತಿಯಿದೆ. ಅಂಥ ಸಭೆಗಳು ಸಾಮಾನ್ಯವಾಗಿ ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಮಕ್ಕಳು ಶಾಲೆಯಲ್ಲಿರುತ್ತಾರೆ. ಮನೆಯಿಂದ ಹಿರಿಯರೊಬ್ಬರು ಅರ್ಧ ದಿನದ ರಜೆ ಹಾಕಿ ಹೋಗಬೇಕಾಗುತ್ತದೆ.